ಪಕ್ಕದ ಸರ್

ಕೈ ತೆಗೆಯಬೇಕು, ಸರಿ. ಆದರೆ ಯಾವ ಕ್ಷಣಕ್ಕೆ ಎನ್ನುವುದು ಪುಸ್ತಕದಲ್ಲಿ ಇರಲಿಲ್ಲ.

ಅವನು ಅಡುಗೆಮನೆಯ ಮೇಜಿನ ಮುಂದೆ ಕೂತು ಎಡಗೈಯಲ್ಲಿ ಕತ್ತರಿ ಹಿಡಿದು ಹಳೆಯ ಕ್ಯಾಲೆಂಡರಿನ ಹಾಳೆಯೊಂದಿಗೆ ಹೆಣಗುತ್ತಿದ್ದ. ಬಲಗೈಯವನಿಗೆ ಎಡಗೈ ಎಂದರೆ ಚಿಕ್ಕ ಮಗುವಿನ ಕೈ ಇದ್ದ ಹಾಗೆ, ಮನೆಯಲ್ಲಿ ಪ್ರಯತ್ನ ಮಾಡಿ ನೋಡಿ ಎಂದು ತರಬೇತಿಯಲ್ಲಿ ಹೇಳಿದ್ದರು. ಕತ್ತರಿ ಹಾಳೆಯನ್ನು ಕತ್ತರಿಸಲಿಲ್ಲ, ಮಡಚಿ ಬಾಯಲ್ಲಿಟ್ಟುಕೊಂಡಿತು. ಪುಸ್ತಕ ಸಕ್ಕರೆ ಡಬ್ಬಿಗೆ ಒರಗಿ ತೆರೆದು ನಿಂತಿತ್ತು. ಏಳನೇ ಅಧ್ಯಾಯ, ನೆರವನ್ನು ಹಿಂತೆಗೆಯುವ ಕ್ರಮ. ಮೊದಲು ಮಗುವಿನ ಕೈಮೇಲೆ ಕೈ. ಆಮೇಲೆ ಮಣಿಕಟ್ಟಿಗೆ ಎರಡು ಬೆರಳು. ಆಮೇಲೆ ಮೊಣಕೈ ಕೆಳಗೆ ಅಂಗೈ. ಆಮೇಲೆ ಬೆರಳಿನ ಸನ್ನೆ. ಆಮೇಲೆ ಬರೀ ನೋಟ. ಕೊನೆಗೆ ನೋಟವನ್ನೂ ತೆಗೆಯತಕ್ಕದ್ದು. ಶಾಲಾ ಸಹಾಯಕನು ಗೆದ್ದನೆಂಬುದಕ್ಕೆ ಗುರುತು, ಅವನು ಬೇಡವಾಗುವುದು.

ಈ ಕಡೆಯ ವಾಕ್ಯದ ಕೆಳಗೆ ಅವನು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದ, ಪರೀಕ್ಷೆಗೆ ಬರಬಹುದೆಂದು. ಬಂದಿತ್ತು. ಐದಕ್ಕೆ ಐದು ಅಂಕ.

ಹೆಂಡತಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದಳು. ಮೂಳೆ ಆಸ್ಪತ್ರೆಯಲ್ಲಿ, ಬಿದ್ದವರಿಗೆ, ಮೈಯ ಒಂದು ಬದಿ ಸತ್ತುಹೋದವರಿಗೆ, ಮತ್ತೆ ನಡೆಯುವುದನ್ನು ಕಲಿಸುವುದು ಅವಳ ಕೆಲಸ.

"ಇವತ್ತೇನಾ ಪರೀಕ್ಷೆಯವರು ಬರೋದು?"

"ಹತ್ತೂವರೆಗೆ."

"ಭಯ ಇದೆಯಾ?"

"ಭಯ ಯಾಕೆ. ಒಂದು ಗಂಟೆ ಕೂತು ನೋಡ್ತಾರೆ, ಹೋಗ್ತಾರೆ." ಅವನು ಕತ್ತರಿ ಕೆಳಗಿಟ್ಟ. "ನಿನ್ನ ರೋಗಿ ಮೊದಲನೇ ಸಲ ತಾನೇ ನಡೆದಾಗ ನಿಂಗೆ ಏನನ್ಸುತ್ತೆ?"

ಅವಳು ಯೋಚಿಸಿದಳು. ಯೋಚಿಸುವಾಗಲೂ ಅವಳ ಬೆರಳು ಗಂಟನ್ನು ಬಿಗಿಯುತ್ತಲೇ ಇತ್ತು.

"ಏನೂ ಇಲ್ಲಪ್ಪ. ಮುಂದಿನವರನ್ನ ಕರೀತೀನಿ."

ಅವಳು ಹೋದ ಮೇಲೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಅವಳು ಅದನ್ನು ಸುಮ್ಮನೆ ಹೇಳಿದ್ದಳು, ಚಹಾ ಆರಿದೆ ಎಂದು ಹೇಳಿದ ಹಾಗೆ. ಅವನಿಗೆ ಅಸೂಯೆಯಾಯಿತು.

ಇಪ್ಪತ್ತೊಂದು ವರ್ಷ ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟವನು. ವಿದ್ಯಾರ್ಥಿಗಳು ಮೂವತ್ತರಿಂದ ಹನ್ನೆರಡಕ್ಕೆ, ಹನ್ನೆರಡರಿಂದ ಮೂರಕ್ಕೆ ಇಳಿದರು. ಕೊನೆಯ ವರ್ಷ ಒಬ್ಬನೇ. ಅವನೂ ನಿದ್ದೆ ಮಾಡುತ್ತಿದ್ದ. ಎಚ್ಚರವಾದರೆ ಎಲ್ಲಿ ಎದ್ದು ಹೋಗುತ್ತಾನೋ ಎಂದು ಮೆಲುದನಿಯಲ್ಲಿ ಪಾಠ ಮಾಡಿದ್ದು ಇವನಿಗೆ ನೆನಪಿದೆ. ಆಮೇಲೆ ವಿಭಾಗವನ್ನೇ ಮುಚ್ಚಿದರು. ನಲವತ್ತಾರನೇ ವಯಸ್ಸಿನಲ್ಲಿ ಶಾಲಾ ಸಹಾಯಕರ ತರಬೇತಿಗೆ ಸೇರಿದಾಗ ಅಣ್ಣ ಫೋನು ಮಾಡಿ, "ಅಷ್ಟೆಲ್ಲ ಓದಿ ಕೊನೆಗೆ ಮಕ್ಕಳ ಮೂಗು ಒರೆಸೋ ಕೆಲಸಾನಾ?" ಎಂದಿದ್ದ. "ಮೂಗು ಎಂಟನೇ ಅಧ್ಯಾಯ, ಇನ್ನೂ ಅಲ್ಲಿಗೆ ಬಂದಿಲ್ಲ," ಎಂದು ಇವನು ಹೇಳಿದ್ದ. ಅಣ್ಣ ನಕ್ಕಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಗಾಜು ಮಂಜುಗಟ್ಟಿತ್ತು. ಬೀದಿ, ಅಂಗಡಿ, ದಾಟಲು ಕಾದು ನಿಂತ ಜನ, ಎಲ್ಲವೂ ಯಾರೋ ಒದ್ದೆ ಬೆರಳಿನಲ್ಲಿ ಒರೆಸಿದ ಹಾಗೆ ಪಕ್ಕಕ್ಕೆ ಜಾರಿದವು. ಅವನು ಕಣ್ಣು ತೆರೆದೇ ತೂಕಡಿಸಿದ.

ತರಬೇತಿಯಲ್ಲಿ ಅವನ ಜೊತೆ ಇದ್ದವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗಿಯರು. ಅಂಕಲ್ ಎಂದು ಕರೆಯುತ್ತಿದ್ದರು. ಅವನ ನೋಟ್ಸು ತೆಗೆದುಕೊಂಡು ಹೋಗಿ ಮೂಲೆ ಮಡಚಿ ವಾಪಸ್ಸು ಕೊಡುತ್ತಿದ್ದರು. ಒಬ್ಬರು ಸಹಾಯಕ, ಒಬ್ಬರು ಮಗು ಎಂದು ಪಾತ್ರ ಹಂಚಿಕೊಂಡು ಅಭ್ಯಾಸ ಮಾಡುವಾಗ ಅವನಿಗೆ ಯಾವಾಗಲೂ ಮಗುವಿನ ಪಾತ್ರವೇ. ಅಂಕಲ್ ಒಂಚೂರೂ ಸಹಕರಿಸಲ್ಲ, ಅದಕ್ಕೇ ನಮಗೆ ಒಳ್ಳೆ ಅಭ್ಯಾಸ ಆಗುತ್ತೆ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಹತ್ತೊಂಬತ್ತರ ಹುಡುಗಿಯೊಬ್ಬಳು ಅವನ ಕೈಮೇಲೆ ಕೈಯಿಟ್ಟು, ಬಣ್ಣದ ಕಡ್ಡಿ ಹಿಡಿಸಿ, ಒಂದು ಮನೆ ಬರೆಸಿದಳು. ಗೋಡೆ, ಚಾವಣಿ, ಬಾಗಿಲು. ಎರಡನೇ ಗೋಡೆಯ ಹೊತ್ತಿಗೆ ಅವನ ಕೈ ತನ್ನ ಭಾರವನ್ನು ಬಿಟ್ಟುಕೊಟ್ಟಿತು. ಆ ಕೈ ಯಾರದೋ ಆಯಿತು. ಅವನ ಕಣ್ಣು ತುಂಬಿಕೊಂಡಿತು. "ಈಗ ಅಂಕಲ್ ಚೆನ್ನಾಗಿ ಸಹಕರಿಸ್ತಿದಾರೆ," ಎಂದು ಹುಡುಗಿ ಉಳಿದವರಿಗೆ ಹೇಳಿದಳು.

ಮನೆಯಲ್ಲಿ ಹೇಳಿಕೊಳ್ಳುವಂಥ ವಿಷಯ ಅಲ್ಲ. ಹೇಳಿರಲಿಲ್ಲ.

ಒಂದನೇ ಮಹಡಿಯ ತರಗತಿಗೆ ಹಸಿರು ಪರದೆಗಳಿದ್ದವು. ಬೆಳಗಿನ ಬಿಸಿಲು ಅವುಗಳ ಮೂಲಕ ಬಂದು ಕೋಣೆಯನ್ನು ಕೆರೆಯ ತಳದ ಹಾಗೆ ಮಾಡುತ್ತಿತ್ತು. ಅಲ್ಲಿ ಮೂವತ್ತು ಮಕ್ಕಳು ಬಾಯಿ ತೆರೆದು ಮುಚ್ಚಿ ಏನೋ ಹೇಳುತ್ತಿದ್ದರು. ಅವನು ತನ್ನ ಜಾಗಕ್ಕೆ ಹೋಗಿ ಕೂತ. ಮಕ್ಕಳದೇ ಅಳತೆಯ ಕುರ್ಚಿ. ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು.

"ಪಕ್ಕದ ಸರ್ ಬಂದ್ರು," ಎಂದು ಯಾರೋ ಹೇಳಿದರು. ಮಕ್ಕಳು ಅವನಿಗೆ ಇಟ್ಟ ಹೆಸರು ಅದು. ಮುಂದೆ ನಿಲ್ಲುವವರು ಮಿಸ್. ಪಕ್ಕದಲ್ಲಿ ಕೂರುವವನು ಪಕ್ಕದ ಸರ್.

ಅವನು ಕೂರುತ್ತಿದ್ದದ್ದು ಚುಕ್ಕಿಯ ಪಕ್ಕ. ಚುಕ್ಕಿಗೆ ಏಳು ವರ್ಷ. ಏನು ಬರೆದರೂ ಕೊನೆಗೆ ಒಂದು ಚುಕ್ಕಿ ಒತ್ತಿ ಇಡುತ್ತಿದ್ದದ್ದರಿಂದ ಎಲ್ಲರಿಗೂ ಅವಳು ಚುಕ್ಕಿ. ಮಾತು ಕಡಿಮೆ. ಬಲಗೈ ಅವಳು ಹೇಳಿದ್ದನ್ನು ಕೇಳುತ್ತಿರಲಿಲ್ಲ, ಕೇಳಿದರೂ ತಡವಾಗಿ ಕೇಳುತ್ತಿತ್ತು. ತರಬೇತಿಯ ಭಾಗವಾಗಿ ಇಲ್ಲಿಗೆ ಬಂದ ನಾಲ್ಕು ವಾರಗಳಲ್ಲಿ ಅವನು ಆ ಕೈಯೊಂದಿಗೆ ಕೈಮೇಲಿನ ಕೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಬೆರಳಿನ ಸನ್ನೆಗೆ ಬಂದಿದ್ದ. ಪುಸ್ತಕದ ಪ್ರಕಾರ ಇದು ಎಂಟು ವಾರದ ಕೆಲಸ.

ಮಿಸ್ ಹಾಜರಿ ಪುಸ್ತಕ ಮುಚ್ಚಿ ಅವನ ಹತ್ತಿರ ಬಂದರು. ಅವನ ಅರ್ಧದಷ್ಟು ವಯಸ್ಸು, ಬೂದಿ ಬಣ್ಣದ ಸ್ವೆಟರು, ತೋಳಿನ ಮೇಲೆ ಸದಾ ಸೀಮೆಸುಣ್ಣ.

"ನಿನ್ನೆ ಹೆಡ್ ಮೇಡಂ ಕೇಳ್ತಿದ್ರು. ಮುಂದಿನ ವರ್ಷಕ್ಕೆ ಒಬ್ಬ ಸಹಾಯಕರು ಬೇಕಾ ಅಂತ."

"ಏನಂದ್ರಿ?"

"ನೋಡ್ಬೇಕು ಅಂದೆ. ಇವಳು ಹೀಗೇ ಮುಂದುವರಿದ್ರೆ ಬೇಕಾಗೋದೇ ಇಲ್ವಲ್ಲ." ಮಿಸ್ ನಿಜವಾದ ಸಂತೋಷದಿಂದ ಹೇಳಿದರು. "ಎಲ್ಲಾ ನಿಮ್ಮಿಂದಾನೇ."

"ಹಾಗೇನಿಲ್ಲ."

ಅವನು ಚುಕ್ಕಿಯನ್ನು ನೋಡಿದ. ಅವಳು ರಬ್ಬರಿನ ಪುಡಿಯನ್ನು ಒಂದೊಂದಾಗಿ ಮೇಜಿನ ಅಂಚಿಗೆ ಸಾಗಿಸುತ್ತಿದ್ದಳು. ಅವನ ಮನಸ್ಸಿನಲ್ಲಿ ಹಳೆಯ ಅಭ್ಯಾಸದಂತೆ ತರ್ಕದ ಮೂರು ಸಾಲು ತಾವಾಗಿ ರೂಪುಗೊಂಡವು. ಗೆದ್ದವನು ಬೇಡವಾದವನು. ನಾನು ಗೆದ್ದೆ. ಆದ್ದರಿಂದ. ತರ್ಕ ಸರಿಯಾಗಿಯೇ ಇತ್ತು. ತಪ್ಪು ಹುಡುಕಿದ, ಸಿಗಲಿಲ್ಲ.

ಪರೀಕ್ಷಕಿ ಹತ್ತೂವರೆಗೆ ಸದ್ದಿಲ್ಲದೆ ಬಂದು ಹಿಂದಿನ ಗೋಡೆಯ ಬಳಿ ಕೂತರು. ತರಬೇತಿ ಕೇಂದ್ರದ ಹಿರಿಯ ಹೆಂಗಸು. ಮೊಣಕಾಲ ಮೇಲೆ ರಟ್ಟು, ರಟ್ಟಿನ ಮೇಲೆ ನಮೂನೆ, ಕೈಯಲ್ಲಿ ಕಪ್ಪು ಪೆನ್ನು. ನಾನು ಇಲ್ಲ ಅಂದುಕೊಳ್ಳಿ ಎಂಬಂತೆ ಅವನ ಕಡೆ ತಲೆಯಾಡಿಸಿದರು.

ಮಿಸ್ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಹಾಳೆಯಲ್ಲಿ ತಟ್ಟೆಯಗಲದ ವೃತ್ತ.

"ಗೆರೆ ಮೇಲೇ ಹೋಗ್ಬೇಕು. ಅವಸರ ಇಲ್ಲ."

ಕತ್ತರಿಗಳು ಒಟ್ಟಿಗೆ ಶುರುವಾದವು. ಹುಳುಗಳು ಎಲೆ ತಿನ್ನುವ ಸದ್ದು. ಅವನು ತೋರುಬೆರಳು ಸಿದ್ಧ ಮಾಡಿಕೊಂಡ. ಇವತ್ತಿನ ಹಂತ ಅಷ್ಟೇ. ಗೆರೆ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿನಲ್ಲಿ ತೋರಿಸಿ ಸುಮ್ಮನಾಗುವುದು.

ಬೆರಳು ಏಳುವ ಮೊದಲೇ ಚುಕ್ಕಿ ಕತ್ತರಿ ಎತ್ತಿಕೊಂಡಳು.

ಹೆಬ್ಬೆರಳು ತನ್ನ ತೂತನ್ನು ತಾನೇ ಹುಡುಕಿಕೊಂಡಿತು. ಕತ್ತರಿ ಬಾಯಿ ತೆರೆಯಿತು, ಹಾಳೆಯ ಅಂಚನ್ನು ಕಚ್ಚಿತು, ಮುಚ್ಚಿತು. ಗೆರೆ ಮುಟ್ಟಿತು. ತಿರುವಿನಲ್ಲಿ ನಿಂತಿತು. ಅವಳ ಎಡಗೈ, ಯಾರೂ ಹೇಳಿಕೊಡದೆ, ಹಾಳೆಯನ್ನು ಒಂದಿಷ್ಟು ತಿರುಗಿಸಿತು. ಕತ್ತರಿ ಮತ್ತೆ ಹೊರಟಿತು. ಅವಳ ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಬಂದು ಕೂತಿತ್ತು. ಅವಳು ಅವನನ್ನು ನೋಡಲಿಲ್ಲ. ಅವನ ಬೆರಳನ್ನೂ ನೋಡಲಿಲ್ಲ. ಕಾಲು ವೃತ್ತ ಆಯಿತು. ಅರ್ಧ ಆಗುತ್ತಾ ಬಂತು.

ಅವನು ಸಂತೋಷಪಡಬೇಕಾಗಿತ್ತು. ಪಟ್ಟ ಕೂಡ, ಮೂರೋ ನಾಲ್ಕೋ ಉಸಿರಿನಷ್ಟು ಹೊತ್ತು. ಆಮೇಲೆ ಅವನಿಗೆ ಬೆನ್ನ ಹಿಂದಿನ ಪೆನ್ನು ಕೇಳಿಸತೊಡಗಿತು. ಅಂದರೆ ಪೆನ್ನಿನ ಸದ್ದು ಕೇಳಿಸದೆ ಇರುವುದು. ಪರೀಕ್ಷಕಿ ಏನೂ ಬರೆಯುತ್ತಿರಲಿಲ್ಲ. ಬರೆಯುವುದಕ್ಕೆ ಏನಿತ್ತು? ಒಂದು ಮಗು ಹಾಳೆ ಕತ್ತರಿಸುತ್ತಿದೆ. ಅದರ ಪಕ್ಕ, ಚಿಕ್ಕ ಕುರ್ಚಿಯಲ್ಲಿ, ಮೊಣಕಾಲನ್ನು ಎದೆಗೆ ಒತ್ತಿಕೊಂಡು, ತಲೆ ನರೆತ ಗಂಡಸೊಬ್ಬ ತೋರುಬೆರಳು ಚಾಚಿಕೊಂಡು ಕೂತಿದ್ದಾನೆ.

ಹಸಿರು ಬೆಳಕು ದಪ್ಪವಾಯಿತು. ಕತ್ತರಿಗಳ ಸದ್ದು ದೂರ ಹೋಯಿತು. ಅವನ ಕೈ ಯಾವಾಗ ಹೊರಟಿತೋ ಅವನು ನೋಡಲಿಲ್ಲ. ನೋಡುವ ಹೊತ್ತಿಗೆ ಅದು ಚುಕ್ಕಿಯ ಮೊಣಕೈ ಕೆಳಗೆ ಅಂಗೈಯಾಗಿ ಇತ್ತು.

ಚುಕ್ಕಿಯ ಕತ್ತರಿ ನಿಂತಿತು. ಅವಳು ಆ ಕೈಯನ್ನು ನೋಡಿದಳು. ಅವನ ಮುಖವನ್ನಲ್ಲ, ಕೈಯನ್ನು. ಮೇಜಿನ ಮೇಲೆ ಎಂದಿನ ಜಾಗದಲ್ಲಿಲ್ಲದ ವಸ್ತುವೊಂದನ್ನು ನೋಡುವ ಹಾಗೆ. ಆಮೇಲೆ ಅವಳ ನಾಲಿಗೆ ಒಳಗೆ ಹೋಯಿತು. ತೋಳು ಸಡಿಲವಾಯಿತು. ಅದರ ಅಷ್ಟೂ ಭಾರ, ಬೆಚ್ಚಗೆ, ನಿದ್ದೆ ಹೋದ ಮಗುವಿನ ಭಾರದಂತೆ ಅವನ ಅಂಗೈಗೆ ಇಳಿಯಿತು.

ಉಳಿದ ಅರ್ಧ ವೃತ್ತವನ್ನು ಇಬ್ಬರೂ ಸೇರಿ ಕತ್ತರಿಸಿದರು. ಬಹಳ ಚೆನ್ನಾಗಿ ಬಂತು. ಬೆನ್ನ ಹಿಂದೆ ಪೆನ್ನು ಸರಸರ ಓಡುತ್ತಿತ್ತು.

ಕಾರಿಡಾರಿನಲ್ಲಿ, ಸಾಲಾಗಿ ತೂಗುಹಾಕಿದ್ದ ಪುಟ್ಟ ಕೋಟುಗಳ ಮುಂದೆ, ಪರೀಕ್ಷಕಿ ನಮೂನೆಯನ್ನು ಅವನಿಗೆ ತೋರಿಸಿದರು. ಮಗು ಸಹಾಯಕರನ್ನು ಪೂರ್ತಿ ನಂಬಿದೆ. ಸ್ಪರ್ಶ ಹದವಾಗಿದೆ. ನೆರವು ಬೇಕಾದ ಕ್ಷಣವನ್ನು ಸಹಾಯಕರು ಸೂಕ್ಷ್ಮವಾಗಿ ಗುರುತಿಸಿದ್ದಾರೆ.

"ಅವಳು ಮಧ್ಯೆ ನಿಂತುಬಿಟ್ಲು, ತಕ್ಷಣ ನಿಮ್ಮ ಕೈ ಇತ್ತು ಅಲ್ಲಿ," ಎಂದರು ಪರೀಕ್ಷಕಿ. "ಇದನ್ನ ಹೇಳ್ಕೊಡೋಕೆ ಆಗಲ್ಲ. ಇರ್ಬೇಕು, ಅಷ್ಟೇ. ಇಲ್ಲಿ ಸಹಿ ಮಾಡಿ."

ಸಹಿಯ ಜಾಗದ ಮೇಲೆ, ಮೇಲಿನದು ನನ್ನ ಅರಿವಿಗೆ ಬಂದಂತೆ ಸರಿಯಾಗಿದೆ ಎಂದು ಅಚ್ಚಾಗಿತ್ತು. ಯಾವುದು ಮೊದಲು, ಯಾವುದು ಆಮೇಲೆ. ಅವಳು ನಿಂತದ್ದಕ್ಕೆ ಕೈ ಬಂತೋ, ಕೈ ಬಂದದ್ದಕ್ಕೆ ಅವಳು ನಿಂತಳೋ. ಇಪ್ಪತ್ತೊಂದು ವರ್ಷ ಅವನು ಇದನ್ನೇ ಕರಿಹಲಗೆಯ ಮೇಲೆ ಬರೆದಿದ್ದ.

"ಒಂದು ವಿಷಯ," ಎಂದ.

"ಹೇಳಿ."

ಅವರ ಮುಖದಲ್ಲಿ ಅವಸರವಿರಲಿಲ್ಲ. ಹೇಳಿದ್ದರೆ ಕೇಳುತ್ತಿದ್ದರು.

"ಪೆನ್ನು ಇದೆಯಾ? ನಂದು ಒಳಗೆ ಬಿಟ್ಟು ಬಂದೆ."

ಅವರು ಕಪ್ಪು ಪೆನ್ನು ಕೊಟ್ಟರು. ಅವನು ಸಹಿ ಮಾಡಿದ. ಅಭಿನಂದನೆ ಎಂದು ಕೈಕುಲುಕಿ ಅವರು ಮೆಟ್ಟಿಲಿಳಿದು ಹೋದರು.

ಊಟದ ಬಿಡುವಿನಲ್ಲಿ ಹೆಂಡತಿಗೆ ಫೋನು ಮಾಡಿದ. ಆ ಕಡೆ ಯಾರೋ ನಿಧಾನವಾಗಿ ಹೆಜ್ಜೆ ಎಣಿಸುತ್ತಿದ್ದರು.

"ಪಾಸಾ?"

"ಪಾಸ್."

"ಒಳ್ಳೇದಾಯ್ತು ಬಿಡು. ಆ ಮಗು ಕತ್ತರಿಸಿದ್ಲಾ?"

"ಇಬ್ಬರೂ ಸೇರಿ."

ನಾಲ್ಕು ದಿನದಿಂದ ರಾತ್ರಿ ಊಟದ ಹೊತ್ತಿಗೆ ಅವನು ಬೆರಳಿನ ಸನ್ನೆಯ ಬಗ್ಗೆಯೇ ಕೊರೆದಿದ್ದನ್ನು ಕೇಳಿಸಿಕೊಂಡವಳು ಅವಳು.

"ಸನ್ನೆಗೆ ಬಂದಿದೀವಿ ಅಂದಿದ್ದೆ."

"ಇವತ್ತು ಒಂಚೂರು ಹಿಂದೆ ಹೋದ್ಲು."

"ಹೋಗ್ತಾರೆ ಕೆಲವು ಸಲ," ಎಂದಳು. ಆಮೇಲೆ, "ಇಲ್ಲೊಬ್ರು ನಿಂತಿದಾರೆ, ಇಡ್ತೀನಿ."

ಅವನು ತಿರುಗಿದಾಗ ಮಿಸ್ ಕಿಟಕಿಯ ಕಟ್ಟೆಯ ಮೇಲೆ ಕತ್ತರಿಸಿದ ವೃತ್ತಗಳನ್ನು ಪೇರಿಸುತ್ತಿದ್ದರು. ಚುಕ್ಕಿಯದನ್ನು ಹಿಡಿದು ಬೆಳಕಿಗೆ ತಿರುಗಿಸಿದರು. ವೃತ್ತದ ಅರ್ಧ ಅಂಚು ನುಣ್ಣಗಿತ್ತು. ಇನ್ನರ್ಧ ಇಲಿ ಕಚ್ಚಿದ ಹಾಗೆ ಸಣ್ಣ ಸಣ್ಣ ಮೂಲೆಗಳಿಂದ ತುಂಬಿತ್ತು.

"ಈ ಅರ್ಧ ಅವಳೇ ಮಾಡಿದ್ದು, ಅಲ್ವಾ?"

"ಯಾವುದು?"

"ಈ ಒರಟು ಅರ್ಧ."

"ನಾನು ಸರಿಯಾಗಿ ನೋಡ್ಲಿಲ್ಲ."

"ನೀವು ಪಕ್ಕದಲ್ಲೇ ಇದ್ರಿ."

"ಹೌದು," ಎಂದ ಅವನು. "ಇದ್ದೆ."

ಮಿಸ್ ಅವನನ್ನು ನೋಡಿದರು. ಏನೋ ಕೇಳುತ್ತಾರೆ ಎಂದುಕೊಂಡ. ಕೇಳಲಿ ಎಂದೂ ಅನಿಸಿತು. ಅವರು ವೃತ್ತವನ್ನು ಉಳಿದವುಗಳ ನಡುವೆ ಸೇರಿಸಿ ತೋಳಿನ ಸೀಮೆಸುಣ್ಣ ಒರೆಸಿಕೊಂಡರು. ಒರೆಸಿದಷ್ಟೂ ಹರಡಿತು.

ಮಧ್ಯಾಹ್ನ ಎರಡನೇ ಹಾಳೆ. ಈ ಸಲ ಬರೀ ಚೌಕ, ವೃತ್ತಕ್ಕಿಂತ ಸುಲಭ. ಚುಕ್ಕಿ ಕತ್ತರಿಯನ್ನು ಎತ್ತಿಕೊಂಡು ಕೂತಳು. ಕತ್ತರಿಸಲಿಲ್ಲ.

ಅವನು ಬೆರಳು ತೋರಿಸಿದ. ಅವಳು ಬೆರಳನ್ನು ನೋಡಿದಳು. ಅವನು ಗೆರೆಯ ಮೇಲೆ ಬೆರಳು ಎಳೆದು ತೋರಿಸಿದ. ಅವಳು ಅದನ್ನೂ ನೋಡಿದಳು. ಆಮೇಲೆ ಅವಳ ಬಲ ಮೊಣಕೈ ಮೆಲ್ಲಗೆ ಮೈಯಿಂದ ಬಿಡಿಸಿಕೊಂಡು ಮೇಲೆ ಬಂತು, ಒಂದು ಅಂಗೈ ತೂರುವಷ್ಟು ಜಾಗ ಮಾಡಿಕೊಟ್ಟು ಅಲ್ಲೇ ನಿಂತಿತು.

"ನೀನೇ ಮಾಡು, ಪುಟ್ಟಿ. ಬೆಳಿಗ್ಗೆ ಮಾಡಿದ್ಯಲ್ಲ."

ಅವಳು ಕಾದಳು. ಅವಳ ಮುಖದಲ್ಲಿ ಹಟ ಇರಲಿಲ್ಲ, ಬೇಸರ ಇರಲಿಲ್ಲ. ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವರ ಮುಖ. ಬರುತ್ತದೆ ಎಂದು ಗೊತ್ತಿರುವವರದು.

ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತ. ಹತ್ತು ನಿಮಿಷಕ್ಕೊಮ್ಮೆ ಕಂಡದ್ದನ್ನು ಬರೆದಿಡುವುದು ನಿಯಮ. ಕಂಡದ್ದನ್ನು ಮಾತ್ರ, ಅರ್ಥ ಹಚ್ಚಕೂಡದು. ಒಂದು ಕೈ ಬಿಡಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದ: ಒಂದು ನಲವತ್ತು. ಮೊಣಕೈ ಎರಡು ಇಂಚು ಮೇಲೆ. ಒಂದು ಐವತ್ತು. ಮೊಣಕೈ ಎರಡು ಇಂಚು ಮೇಲೆ. ಎರಡು ಗಂಟೆ. ತೋಳು ನಡುಗುತ್ತಿದೆ. ಇಳಿಸಿಲ್ಲ.

ಎರಡಕ್ಕೆ ಅವನು ಬರೆದದ್ದನ್ನು ಓದಿಕೊಂಡ. ಅಕ್ಷರ ಸ್ಪಷ್ಟವಾಗಿತ್ತು. ಇನ್ನು ಒಂದು ನಿಮಿಷ ಅಲ್ಲಿ ಕೂತಿದ್ದರೆ ಕೈ ಕೊಟ್ಟುಬಿಡುತ್ತಿದ್ದ. ಕೊಡಬೇಕಾಗಿತ್ತೋ ಕೊಡಬಾರದಾಗಿತ್ತೋ ಅವನಿಗೆ ಆಮೇಲೂ ತಿಳಿಯಲಿಲ್ಲ, ಏಕೆಂದರೆ ಆಗ ಮಿಸ್ ಕರೆದರು.

"ಉಗ್ರಾಣದಿಂದ ನೀಲಿ ಹಾಳೆ ಒಂದು ಕಟ್ಟು ತರ್ತೀರಾ? ನಾನು ಇವಳ ಹತ್ರ ಇರ್ತೀನಿ."

"ತರ್ತೀನಿ," ಎಂದು ಎದ್ದ. ಎಷ್ಟು ಬೇಗ ಎದ್ದನೆಂದರೆ ಪುಟ್ಟ ಕುರ್ಚಿ ಅವನಿಗೆ ಅಂಟಿಕೊಂಡೇ ಒಂದಡಿ ಮೇಲೆ ಬಂದು ಕೆಳಗೆ ಬಿತ್ತು. ಮಕ್ಕಳು ನಕ್ಕರು. ಚುಕ್ಕಿ ನಗಲಿಲ್ಲ.

ಉಗ್ರಾಣ ಕಾರಿಡಾರಿನ ಕೊನೆಯಲ್ಲಿತ್ತು. ಕಿಟಕಿಯಿಲ್ಲದ ಕೋಣೆ, ನೆಲದಿಂದ ಚಾವಣಿಯವರೆಗೆ ಹಾಳೆಯ ಕಟ್ಟುಗಳು. ಹೊಸ ಕಾಗದದ ವಾಸನೆ ಹತ್ತಿಯ ಹಾಗೆ ಮೃದುವಾಗಿ ಕಿವಿಗಳನ್ನು ಮುಚ್ಚಿತು. ನೀಲಿ ಹಾಳೆ ಮೊದಲ ಸಾಲಿನಲ್ಲೇ ಇತ್ತು. ಅವನು ಅದನ್ನು ತೆಗೆದುಕೊಂಡು, ಹೋಗದೆ, ಒಂದು ಕಟ್ಟಿನ ಮೇಲೆ ಕೂತ. ಇದು ಅವನ ಅಳತೆಗೆ ಸರಿಯಾಗಿತ್ತು. ನಾಲ್ಕು ವಾರದಲ್ಲಿ ಮೊದಲ ಸಲ ಅವನ ಪಾದಗಳು ಸಹಜವಾಗಿ ನೆಲ ಮುಟ್ಟಿದವು.

ಎಲ್ಲೋ ಗಂಟೆ ಮೊಳಗುತ್ತಿತ್ತು. ಬಿಟ್ಟು ಬಿಟ್ಟು ಅಲ್ಲ, ಒಂದೇ ಸಮನೆ. ಅದು ಬೇರೆ ಯಾವುದೋ ಶಾಲೆಯ, ಬೇರೆ ಯಾವುದೋ ವರ್ಷದ ಗಂಟೆ ಎಂದು ಅವನಿಗೆ ಅನಿಸಿತು. ಸಾವಿರಾರು ಪುಟ್ಟ ಪಾದಗಳು ಮಳೆಯ ಹಾಗೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋದವು. ಆಮೇಲೆ ಯಾವ ಸದ್ದೂ ಇರಲಿಲ್ಲ. ಅವನು ಕಣ್ಣು ಮುಚ್ಚಿದ. ಹೆಚ್ಚೆಂದರೆ ಐದು ನಿಮಿಷ.

ತರಗತಿಗೆ ಹಿಂತಿರುಗಿದಾಗ ಅಲ್ಲಿ ಯಾರೂ ಇರಲಿಲ್ಲ.

ಕತ್ತರಿಗಳು ಬಾಯಿ ತೆರೆದು ಬಿದ್ದಿದ್ದವು. ಮುಚ್ಚಳವಿಲ್ಲದ ಅಂಟಿನ ಬಾಟಲಿ. ಹಿಂದಕ್ಕೆ ಸರಿದ ಮೂವತ್ತು ಕುರ್ಚಿಗಳು. ಚುಕ್ಕಿಯ ಹಾಳೆ ಅವಳ ಮೇಜಿನ ಮೇಲೆ ಇಡಿಯಾಗಿ ಇತ್ತು. ಅವನು ನೀಲಿ ಕಟ್ಟನ್ನು ಎದೆಗೆ ಅವಚಿಕೊಂಡು ಕಿಟಕಿಗೆ ಹೋಗಿ ಪರದೆ ಸರಿಸಿದ.

ಇಡೀ ಶಾಲೆ ಮೈದಾನದಲ್ಲಿ ನಿಂತಿತ್ತು. ಜೋಡಿ ಜೋಡಿಯಾಗಿ, ತರಗತಿಗೊಂದು ಸಾಲು. ಅವನಿಗೆ ಹನ್ನೊಂದನೇ ಅಧ್ಯಾಯ ನೆನಪಾಯಿತು. ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬುದರ ಕವಾಯತು. ವರ್ಷಕ್ಕೆರಡು ಸಲ, ಮುನ್ಸೂಚನೆ ಕೊಡದೆ. ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಹೊರಬರುವುದು. ಪ್ರತಿ ಶಿಕ್ಷಕರೂ ತಮ್ಮ ಹಾಜರಿ ಪುಸ್ತಕದಿಂದ ಹೆಸರು ಕೂಗುವುದು. ಅವನ ಹೆಸರು ಯಾರ ಪುಸ್ತಕದಲ್ಲೂ ಇರಲಿಲ್ಲ. ತರಬೇತಿಯವರ ಹಾಜರಿ ತರಬೇತಿ ಕೇಂದ್ರದಲ್ಲಿ.

ಚುಕ್ಕಿ ತನ್ನ ಸಾಲಿನ ತುದಿಯಲ್ಲಿ ಇದ್ದಳು. ಅವಳ ಪಕ್ಕ ಒಬ್ಬರ ಜಾಗ ಖಾಲಿ. ಮಿಸ್ ಸಾಲನ್ನು ನೋಡುತ್ತಾ ಬಂದು ಏನೋ ಹೇಳಿದರು. ಅವಳ ಹಿಂದೆ ಒಂಟಿಯಾಗಿ ನಿಂತಿದ್ದ ಮಗು ಎರಡು ಹೆಜ್ಜೆ ಮುಂದೆ ಬಂದು ಆ ಜಾಗದಲ್ಲಿ ನಿಂತಿತು.

ಹೆಡ್ ಮೇಡಂ ಕೈಯಲ್ಲಿದ್ದ ಧ್ವನಿವರ್ಧಕವನ್ನು ಬಾಯಿಗೆ ಹಿಡಿದರು. ಮಾತು ಗಾಳಿಯಲ್ಲಿ ತೇಲುತ್ತಾ, ತುಸು ತಡವಾಗಿ, ಕಿಟಕಿಗೆ ಬಂತು.

"ಎಲ್ಲ ತರಗತಿಗಳದೂ ಸರಿಯಾಗಿದೆ. ಕಟ್ಟಡದಲ್ಲಿ ಯಾರೂ ಉಳಿದಿಲ್ಲ. ನಾಲ್ಕು ನಿಮಿಷ ಹತ್ತು ಸೆಕೆಂಡು. ಚೆನ್ನಾಗಿ ಮಾಡಿದ್ರಿ."

ಕಿಟಕಿ ತೆರೆದು ಕೂಗಬಹುದಿತ್ತು. ಮೆಟ್ಟಿಲಿಳಿದು ಹೋಗಿ ನಾಲ್ಕು ಜನ ನಗುವಂತೆ ಏನಾದರೂ ಹೇಳಬಹುದಿತ್ತು. ಅವನು ಬಲಗೈಯನ್ನು ಮೇಲೆತ್ತಿದ. ಉತ್ತರ ಗೊತ್ತಿರುವವರು ತರಗತಿಯಲ್ಲಿ ಎತ್ತುವ ಹಾಗೆ, ನೆಟ್ಟಗೆ.

ಕೆಳಗೆ ಎಲ್ಲಕ್ಕಿಂತ ಚಿಕ್ಕ ಮಕ್ಕಳ ಸಾಲಿನಲ್ಲಿ ಒಂದು ಮುಖ ಮೇಲೆ ನೋಡಿತು. ಸ್ವಲ್ಪ ಹೊತ್ತು ನೋಡುತ್ತಲೇ ಇತ್ತು. ಇದೂ ಕವಾಯತಿನ ಭಾಗ ಎಂದುಕೊಂಡಿತೋ ಏನೋ, ಅದೂ ಕೈ ಎತ್ತಿತು. ಅದರ ಪಕ್ಕದ್ದೂ ಎತ್ತಿತು. ಆಮೇಲೆ ಇಡೀ ಸಾಲು, ಒಂದೊಂದಾಗಿ, ಸದ್ದಿಲ್ಲದೆ, ಅವನ ಕಡೆ ನೋಡುತ್ತಾ ಕೈ ಎತ್ತಿ ನಿಂತಿತು.

ಅವರ ಟೀಚರು ಕಟ್ಟಡಕ್ಕೆ ಬೆನ್ನು ಹಾಕಿ ನಿಂತಿದ್ದರು.

"ಕೈ ಕೆಳಗೆ," ಎಂದರು.

ಕೈಗಳು ಇಳಿದವು. ಸಾಲುಗಳು ಬಾಗಿಲಿನ ಕಡೆ ತಿರುಗಿ ನಡೆಯತೊಡಗಿದವು. ಒಂದನೇ ಮಹಡಿಯ ಕಿಟಕಿಯಲ್ಲಿ, ಹಸಿರು ಪರದೆಗಳ ನಡುವೆ, ಒಂದು ಕೈ ಇನ್ನೂ ಮೇಲೇ ಇತ್ತು.